ನೀರಿನ ಲೋಟ ಯಾರ ಕಣ್ಣಿಗೆ ಬಿತ್ತು?

ಬೆಳಗಿನ ಏಳು ಗಂಟೆ. ಹೊರಗೆ ಇನ್ನೂ ಕಗ್ಗತ್ತಲು. ಜನವರಿಯಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ಊರಿಗೆ ಸೂರ್ಯ ಬರುವುದು ಎಂಟೂವರೆ ಹೊತ್ತಿಗೆ. ಬೂಟಿಗೆ ಮೆತ್ತಿದ ಹಿಮ ಒದರಿಕೊಂಡು ನೀವು ವಿಶ್ವವಿದ್ಯಾಲಯದ ಆಸ್ಪತ್ರೆಯೊಳಗೆ ಬಂದಿದ್ದೀರಿ. ಇದು ಮೂಳೆ ರೋಗಿಗಳ ವಾರ್ಡು. ಕಾಲ, 1990ರ ದಶಕದ ಕೊನೆ. ನೀವು ಡಾಕ್ಟರಲ್ಲ, ನರ್ಸ್ ಅಲ್ಲ, ರೋಗಿಯ ಕಡೆಯವರೂ ಅಲ್ಲ. ಇಲ್ಲಿ ನಡೆಯುವ ಕಲಿಕೆಯಿಂದ ಏನಾದರೂ ಉಪಯೋಗವಿದೆಯೇ ಎಂದು ತೂಗಿ ನೋಡಲು ಬಂದವರು. ಮೂಲೆಯಲ್ಲಿ ಒಂದು ಸ್ಟೂಲು ಕೊಟ್ಟಿದ್ದಾರೆ. ಷರತ್ತು ಇಷ್ಟೇ: ನೋಡಬಹುದು, ಕೇಳಿಸಿಕೊಳ್ಳಬಹುದು, ನಡುವೆ ಬಾಯಿ ಹಾಕುವಂತಿಲ್ಲ.

ಎದುರಿನ ಮೇಜಿನ ಸುತ್ತ ಆರು ಜನ ಕೂತಿದ್ದಾರೆ. ಎಲ್ಲರೂ ವಿದ್ಯಾರ್ಥಿಗಳು. ಇಬ್ಬರು ಡಾಕ್ಟರಿಕೆ ಓದುತ್ತಿರುವವರು, ಇಬ್ಬರು ನರ್ಸಿಂಗ್, ಒಬ್ಬಳು ಫಿಸಿಯೋಥೆರಪಿ, ಇನ್ನೊಬ್ಬ ಆಕ್ಯುಪೇಷನಲ್ ಥೆರಪಿ. ಈ ಕೊನೆಯವನ ಕೆಲಸವೆಂದರೆ, ರೋಗಿ ಮನೆಗೆ ಹೋದಮೇಲೆ ಸ್ನಾನ, ಅಡುಗೆ, ಬಟ್ಟೆ ತೊಡುವುದನ್ನೆಲ್ಲ ಹೇಗೆ ನಿಭಾಯಿಸುತ್ತಾರೆಂದು ನೋಡಿ ಅದಕ್ಕೆ ಅಣಿ ಮಾಡುವುದು. ಉಡುಪು ನೋಡಿ ಯಾರು ಯಾವ ಓದಿನವರೆಂದು ಹೇಳಲು ನಿಮಗೆ ಆಗುತ್ತಿಲ್ಲ. ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಿದ್ದಾರೆ.

ಲಿನ್‌ಶೋಪಿಂಗ್‌ನಲ್ಲಿ ಆರೋಗ್ಯ ವಿಜ್ಞಾನಗಳ ಹೊಸ ವಿಭಾಗ ಶುರುವಾದದ್ದು 1986ರಲ್ಲಿ. ವೈದ್ಯರಾಗುವವರು, ನರ್ಸ್ ಆಗುವವರು, ಫಿಸಿಯೋ ಆಗುವವರು ಎಲ್ಲರೂ ಮೊದಲ ಹತ್ತು ವಾರ ಒಟ್ಟಿಗೇ ಕೂತು ಓದಬೇಕು ಎಂದು ಆಗಲೇ ನಿಯಮ ಮಾಡಿದರು. ಹತ್ತು ವರ್ಷದ ಮೇಲೆ, 1996ರಲ್ಲಿ, ಇನ್ನೊಂದು ಹೆಜ್ಜೆ ಇಟ್ಟರು. ನಿಜವಾದ ರೋಗಿಗಳಿರುವ ಒಂದು ವಾರ್ಡನ್ನೇ ಎರಡೆರಡು ವಾರದ ಮಟ್ಟಿಗೆ ವಿದ್ಯಾರ್ಥಿಗಳ ತಂಡಕ್ಕೆ ಒಪ್ಪಿಸಿದರು. ಬೆನ್ನಿಗೆ ಅನುಭವಿ ನರ್ಸ್‌ಗಳು, ವೈದ್ಯರು ಇದ್ದೇ ಇರುತ್ತಾರೆ. ಕೊನೆಯ ಸಹಿ ಅವರದ್ದೇ. ಆದರೆ ದಿನದ ಕೆಲಸ ಹಂಚಿಕೊಳ್ಳುವುದು, ರೋಗಿಯ ಬಗ್ಗೆ ಯೋಜನೆ ಮಾಡುವುದು, ಮುಂದಿನ ಪಾಳಿಗೆ ವರದಿ ಒಪ್ಪಿಸುವುದು ಈ ಹುಡುಗ ಹುಡುಗಿಯರ ಪಾಲಿನದು. ನೀವೀಗ ಕೂತಿರುವುದು ಅಂಥ ವಾರ್ಡಿನಲ್ಲಿ. ಮುಂದೆ ನೋಡಲಿರುವ ಅಜ್ಜಿ ಮಾತ್ರ ಒಬ್ಬರೇ ಒಬ್ಬರಲ್ಲ. ಇಂಥ ವಾರ್ಡುಗಳಲ್ಲಿ ಮಲಗಿ ಎದ್ದ ಹಲವರನ್ನು ಕೂಡಿಸಿ ಮಾಡಿದ ಅಜ್ಜಿ.

ರಾತ್ರಿ ಪಾಳಿಯ ನರ್ಸ್ ವರದಿ ಒಪ್ಪಿಸುತ್ತಿದ್ದಾರೆ. ಎಂಬತ್ತೆರಡರ ಅಜ್ಜಿ, ಮನೆಯಲ್ಲಿ ಒಂಟಿ. ಅಡುಗೆಮನೆಯಲ್ಲಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಆಗಿ ಇವತ್ತಿಗೆ ನಾಲ್ಕನೇ ದಿನ. ಗಾಯ ಚೆನ್ನಾಗಿದೆ, ಜ್ವರವಿಲ್ಲ, ರಾತ್ರಿ ನಿದ್ದೆ ಬಂದಿದೆ. ನಾಳೆ ಮನೆಗೆ ಕಳಿಸುವ ಯೋಚನೆ. ಆರೂ ಜನ ಬರೆದುಕೊಳ್ಳುತ್ತಾರೆ. ಇಷ್ಟಕ್ಕೆ ನಿಮ್ಮ ನೋಟ್ ಪುಸ್ತಕದಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಏಳೂವರೆ. ಅಜ್ಜಿಯ ಮೈ ಒರೆಸುವ ಹೊತ್ತು. ಬಿಸಿನೀರಿನ ಬೋಗುಣಿ ಹಿಡಿದು ಬಂದವನು ಡಾಕ್ಟರಿಕೆ ಓದುವ ಹುಡುಗ. ಈ ವಾರ್ಡಿನಲ್ಲಿ ಆರೈಕೆಯ ಕೆಲಸ ಎಲ್ಲರದ್ದೂ. ಹುಡುಗನ ಕೈ ತಡವರಿಸುತ್ತಿದೆ. ಅಜ್ಜಿಯನ್ನು ಪಕ್ಕಕ್ಕೆ ಹೊರಳಿಸುವುದು ಹೇಗೆಂದು ನರ್ಸಿಂಗ್ ಹುಡುಗಿ ತೋರಿಸಿಕೊಡುತ್ತಾಳೆ: "ಎರಡು ಮಂಡಿ ನಡುವೆ ದಿಂಬು ಇಡು. ಈಗ ಭುಜ, ಸೊಂಟ ಎರಡೂ ಒಟ್ಟಿಗೇ ಬರಲಿ." ಕೆಲಸ ಮುಗಿಸಿ ಹೊರಗೆ ಬಂದವನು ಗೆಳೆಯನ ಹತ್ತಿರ ಮೆಲ್ಲಗೆ ಗೊಣಗುವುದು ನಿಮ್ಮ ಕಿವಿಗೂ ಬೀಳುತ್ತದೆ: "ಎರಡು ವಾರ ಇದನ್ನೇ ಮಾಡುತ್ತಿದ್ದರೆ ನಾನು ವೈದ್ಯಕೀಯ ಕಲಿಯೋದು ಯಾವಾಗ?" ಇದನ್ನು ಬರೆದುಕೊಳ್ಳಿ. ಇಂಥ ವಾರ್ಡುಗಳನ್ನು ತೂಗಲು ಹೋದವರಿಗೆ ಮತ್ತೆ ಮತ್ತೆ ಕೇಳಿಸಿದ ದೂರು ಇದು.

ಎಂಟೂವರೆ. ಕಿಟಕಿಯ ಗಾಜಿನ ಮೇಲೆ ಬೂದು ಬೆಳಕು. ಫಿಸಿಯೋ ಹುಡುಗಿ ಅಜ್ಜಿಯನ್ನು ನಿಲ್ಲಿಸುತ್ತಿದ್ದಾಳೆ. ಅಜ್ಜಿ ವಾಕರ್ ಹಿಡಿದು ಎದ್ದರು, ಎರಡು ಹೆಜ್ಜೆ ಇಟ್ಟರು, ಮುಖ ಬಿಳಿಚಿಕೊಂಡಿತು. "ತಲೆ ಸುತ್ತುತ್ತೆ ಮಗಳೇ." ಹುಡುಗಿ ತಕ್ಷಣ ಕೂರಿಸಿ ರಕ್ತದೊತ್ತಡ ನೋಡಿದಳು. ಮಲಗಿದ್ದಾಗ 138 ಇದ್ದದ್ದು ನಿಂತಾಗ 104ಕ್ಕೆ ಇಳಿದಿದೆ. ತನ್ನ ಚೀಟಿಯಲ್ಲಿ ಗುರುತು ಮಾಡಿಕೊಂಡಳು.

ಒಂಬತ್ತೂವರೆ. ತಂಡದ ಸಭೆ. ಹಿರಿಯ ವೈದ್ಯರೊಬ್ಬರು, ಹಿರಿಯ ನರ್ಸ್ ಒಬ್ಬರು ಗೋಡೆಗೆ ಒರಗಿ ನಿಂತಿದ್ದಾರೆ. ಅವರೂ ನಿಮ್ಮ ಹಾಗೆಯೇ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಾರೆ.

ಬೆಳಿಗ್ಗೆ ಗೊಣಗಿದ ಹುಡುಗನೇ ಶುರು ಮಾಡಿದ. "ಗಾಯ ಒಣಗುತ್ತಿದೆ, ರಕ್ತ ಪರೀಕ್ಷೆ ಪರವಾಗಿಲ್ಲ, ನೋವು ಹತೋಟಿಯಲ್ಲಿದೆ. ನಾಳೆ ಡಿಸ್ಚಾರ್ಜ್ ಮಾಡಬಹುದು."

"ನಿಂತಾಗ ತಲೆ ಸುತ್ತು ಬಂತು," ಎಂದಳು ಫಿಸಿಯೋ ಹುಡುಗಿ.

"ಆಪರೇಷನ್ ಆದವರಿಗೆ ಅಷ್ಟಿಷ್ಟು ಇದ್ದದ್ದೇ."

ಹುಡುಗಿ ಸುಮ್ಮನಾದಳು. ಚೀಟಿಯಲ್ಲಿದ್ದ 138 ಮತ್ತು 104 ಅಲ್ಲೇ ಉಳಿದವು. ನಿಮ್ಮ ನಾಲಿಗೆಯ ತುದಿಗೆ ಮಾತು ಬಂದಿದೆ, ಷರತ್ತು ನೆನಪಾಗಿ ನುಂಗಿಕೊಳ್ಳುತ್ತೀರಿ. ಗೋಡೆಗೆ ಒರಗಿದ ಹಿರಿಯ ವೈದ್ಯರಿಗೂ ಗೊತ್ತಾಗಿದೆ. ಅವರ ಕೈ ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಹುಡುಗ ಮುಂದಿನ ರೋಗಿಯ ಕಾಗದ ತಿರುವುತ್ತಿದ್ದಾನೆ.

ಅಷ್ಟರಲ್ಲಿ ಮೇಜಿನ ಕೊನೆಯಿಂದ ನರ್ಸಿಂಗ್ ಹುಡುಗಿಯ ದನಿ: "ಒಂದು ನಿಮಿಷ. ನೆನ್ನೆ ಸಂಜೆ ಇಟ್ಟ ನೀರಿನ ಲೋಟ ಬೆಳಿಗ್ಗೆ ಹಾಗೇ ಇತ್ತು. ಮೊನ್ನೆಯೂ ಹಾಗೇ."

ಆಕ್ಯುಪೇಷನಲ್ ಥೆರಪಿ ಹುಡುಗ ತಲೆಯೆತ್ತಿದ. "ಬಟ್ಟೆ ಹಾಕಿಕೊಳ್ಳುವಾಗ ನನ್ನ ಹತ್ತಿರ ಹೇಳಿದರು. ಸಂಜೆ ಆದಮೇಲೆ ನೀರು ಕುಡಿಯೋದಿಲ್ಲವಂತೆ. ಕುಡಿದರೆ ರಾತ್ರಿ ಬಾತ್‌ರೂಮಿಗೆ ಹೋಗಬೇಕು, ಬೆಲ್ ಒತ್ತಬೇಕು, ನಿಮಗೆಲ್ಲ ಯಾಕೆ ತೊಂದರೆ ಅಂದರು. ಮನೆಯಲ್ಲೂ ಇದೇ ಅಭ್ಯಾಸವಂತೆ."

ಈಗ ಎರಡನೇ ವೈದ್ಯ ವಿದ್ಯಾರ್ಥಿನಿ ಔಷಧಿಯ ಹಾಳೆ ಎಳೆದುಕೊಂಡಳು. ರಕ್ತದೊತ್ತಡಕ್ಕೆ ಎರಡು ಬಗೆಯ ಮಾತ್ರೆ. ಅವುಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ಅವಳು ಫಿಸಿಯೋ ಹುಡುಗಿಯ ಕಡೆ ತಿರುಗಿದಳು. "ನಿಂತಾಗ ಬಿಪಿ ಎಷ್ಟಿತ್ತು?"

"104. ಮಲಗಿದ್ದಾಗ 138."

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಆಮೇಲೆ ಗೊಣಗಿದ ಹುಡುಗನೇ ಬಾಯಿಬಿಟ್ಟ: "ಹಾಗಾದರೆ ಅವರು ಅಡುಗೆಮನೆಯಲ್ಲಿ ಬಿದ್ದದ್ದೂ ಇದರಿಂದಲೇ ಇರಬಹುದಲ್ಲ?"

ನಾಲ್ಕು ಓದಿನ ನಾಲ್ವರ ಹತ್ತಿರ ನಾಲ್ಕು ತುಣುಕು ಇದ್ದವು. ತುಂಬಿದ ಲೋಟ ನರ್ಸಿಂಗ್‌ನವಳಿಗೆ, ಕುಡಿಯದ ಕಾರಣ ಆಕ್ಯುಪೇಷನಲ್ ಥೆರಪಿಯವನಿಗೆ, ಕುಸಿದ ಒತ್ತಡ ಫಿಸಿಯೋಗೆ, ಮಾತ್ರೆಯ ಹಾಳೆ ವೈದ್ಯಕೀಯದವಳಿಗೆ. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಕೂಡಿಸಿದಾಗ ಮಾತ್ರ, ಈ ಅಜ್ಜಿಯನ್ನು ನಾಳೆ ಮನೆಗೆ ಕಳಿಸಿದರೆ ಮತ್ತೆ ಬೀಳುತ್ತಾರೆ ಎನ್ನುವುದು ಕಾಣುತ್ತದೆ.

ಹತ್ತೇ ನಿಮಿಷದಲ್ಲಿ ಯೋಜನೆ ಬದಲಾಯಿತು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಲು ಹಿರಿಯ ವೈದ್ಯರು ಸಹಿ ಹಾಕಿದರು. ಮಂಚದ ಪಕ್ಕಕ್ಕೇ ಕಮೋಡ್ ಕುರ್ಚಿ ಬರಲಿದೆ. ಕುಡಿದ ನೀರಿನ ಲೆಕ್ಕ ಇಡಬೇಕು. ದಿನಕ್ಕೆ ಎರಡು ಸಲ, ಮಲಗಿಸಿ ಮತ್ತು ನಿಲ್ಲಿಸಿ, ಒತ್ತಡ ನೋಡಬೇಕು. ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸುವ ವ್ಯವಸ್ಥೆ ಆಗಬೇಕು. ಡಿಸ್ಚಾರ್ಜ್ ದಿನ ಆಮೇಲೆ ಗೊತ್ತುಮಾಡುವುದು.

ನಿಮ್ಮ ಪುಸ್ತಕದಲ್ಲಿ ಈಗ ಏನಿದೆ ನೋಡಿಕೊಳ್ಳಿ. ಯಾರು ಎಷ್ಟು ಸಲ ಮಾತಾಡಿದರು? ಯಾರ ಮಾತು ನಡುವೆಯೇ ನಿಂತಿತು? ಯಾರು ಬೇರೆ ವೃತ್ತಿಯವರನ್ನು ಪ್ರಶ್ನೆ ಕೇಳಿದರು? ಸಭೆಗೆ ಮೊದಲಿದ್ದ ಯೋಜನೆಗೂ ಆಮೇಲಿನದಕ್ಕೂ ಏನು ವ್ಯತ್ಯಾಸ? ಮೌಲ್ಯಮಾಪನದ ನಿಜವಾದ ಸರಕು ಇದು.

ಮಧ್ಯಾಹ್ನ ಎರಡು ಗಂಟೆ. ಪಾಳಿ ಮುಗಿಯಿತು. ಕಾಫಿ ಲೋಟ ಹಿಡಿದು ತಂಡ ಮತ್ತೆ ಸೇರಿದೆ. ಹಿರಿಯ ನರ್ಸ್ ಕೇಳುವುದು ಒಂದೇ ಪ್ರಶ್ನೆ: "ಸಭೆಯಲ್ಲಿ ನಿಮಗೆ ಗೊತ್ತಿದ್ದೂ ಹೇಳದೆ ಉಳಿಸಿಕೊಂಡದ್ದು ಏನು?" ಫಿಸಿಯೋ ಹುಡುಗಿ ತಲೆ ತಗ್ಗಿಸಿದಳು. "ಬಿಪಿಯ ಅಂಕಿ. ಅವನಿಗೆ ಗೊತ್ತಿರುತ್ತದೆ ಅಂದುಕೊಂಡೆ." ಹುಡುಗ ತಡೆದು ಹೇಳಿದ: "ನಾನು ಕೇಳಲೇ ಇಲ್ಲ."

ಈ ಇಬ್ಬರ ನಡುವೆ ಬಿದ್ದ ಒಂದು ನಿಮಿಷದ ಮೌನ ಇಡೀ ಆಸ್ಪತ್ರೆಯನ್ನು ಆವರಿಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ಸಾಕ್ಷಿ. ಅಲ್ಲಿನ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಫಲಿತಾಂಶ ಸರಿಯಿಲ್ಲವೆಂದು ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ 1990ರಿಂದಲೇ ಹೇಳುತ್ತ ಬಂದರು. ಮಾತು ದಡ ಸೇರಲು ವರ್ಷಗಳೇ ಹಿಡಿದವು. 1991ರಿಂದ 1995ರವರೆಗೆ, ಒಂದು ವರ್ಷದೊಳಗಿನ ಕೂಸುಗಳಲ್ಲಿ, ಸಾಮಾನ್ಯವಾಗಿ ನಿರೀಕ್ಷಿಸಬಹುದಾದದ್ದಕ್ಕಿಂತ 30ರಿಂದ 35 ಹೆಚ್ಚು ಸಾವು ಸಂಭವಿಸಿದವು ಎಂದು ಇಯಾನ್ ಕೆನಡಿ ನೇತೃತ್ವದ ತನಿಖಾ ವರದಿ 2001ರಲ್ಲಿ ಹೇಳಿತು. ಬೇರೆ ಬೇರೆ ವೃತ್ತಿಯವರು ಓದುವ ಕಾಲದಿಂದಲೇ ಒಟ್ಟಿಗೆ ಕಲಿಯಬೇಕು ಎನ್ನುವುದು ಆ ವರದಿಯ ಶಿಫಾರಸುಗಳಲ್ಲೊಂದು.

ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲೂ ಇದನ್ನೇ ಹೇಳಿತ್ತು, 2010ರಲ್ಲಿ ಮತ್ತೆ ಹೇಳಿತು. ಅಂತರ್‌ವೃತ್ತಿ ಶಿಕ್ಷಣ ಎನ್ನುವುದು ಇದನ್ನೇ. ನಾನು ಕೂಡುಕಲಿಕೆ ಎನ್ನುತ್ತೇನೆ. ಒಂದೇ ಹಾಲಿನಲ್ಲಿ ಮುನ್ನೂರು ಜನರನ್ನು ಕೂರಿಸಿ ಒಂದೇ ಭಾಷಣ ಕೇಳಿಸಿದರೆ ಅದು ಕೂಡುಕಲಿಕೆ ಆಗುವುದಿಲ್ಲ. ಒಬ್ಬರ ಜತೆ, ಒಬ್ಬರಿಂದ, ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಕಲಿಯಬೇಕು. ಅದರಿಂದ ರೋಗಿಗೆ ಒಳ್ಳೆಯದಾಗಬೇಕು.

ಎರಡು ವಾರ ಕಳೆಯಿತು. ತಂಡದ ಕೊನೆಯ ದಿನ. ಆರೂ ಜನರ ಕೈಗೆ ಒಂದೊಂದು ಪ್ರಶ್ನಾವಳಿ ಬಂದಿದೆ. ಅವರ ಹೆಗಲ ಮೇಲಿಂದ ಇಣುಕಿ. "ಬೇರೆ ವೃತ್ತಿಯವರ ಜತೆ ಕಲಿತರೆ ನಾನು ಒಳ್ಳೆಯ ತಂಡಸಂಗಾತಿಯಾಗುತ್ತೇನೆ" ಎಂಬ ಧಾಟಿಯ ಹೇಳಿಕೆಗಳು. ಪಕ್ಕದಲ್ಲಿ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗೆ ಐದು ಮನೆ. ಇಂಥವುಗಳಲ್ಲಿ ತುಂಬ ಹೆಸರಾದದ್ದು ಲಿವರ್‌ಪೂಲ್‌ನ ಪಾರ್ಸೆಲ್ ಮತ್ತು ಬ್ಲೈ 1999ರಲ್ಲಿ ಪ್ರಕಟಿಸಿದ 19 ಹೇಳಿಕೆಗಳ ಪಟ್ಟಿ. ಆಮೇಲೆ ಜಗತ್ತಿನ ಎಷ್ಟೋ ಕಾಲೇಜುಗಳು ಅದನ್ನೇ ಹಂಚಿ, ತುಂಬಿಸಿ, ಸರಾಸರಿ ತೆಗೆದು ಪ್ರಬಂಧ ಬರೆದವು.

ವಿದ್ಯಾರ್ಥಿಗಳು ಚಕಚಕ ಗುರುತು ಹಾಕುತ್ತಿದ್ದಾರೆ. ಹೆಚ್ಚಿನವು 'ಒಪ್ಪುತ್ತೇನೆ'ಯ ಕಡೆಗೇ. ಮದುವೆ ಊಟ ಮುಗಿಸಿ ಕೈ ತೊಳೆಯುವವರನ್ನು ಬಾಗಿಲಲ್ಲಿ ತಡೆದು ಊಟ ಹೇಗಿತ್ತು ಎಂದು ಕೇಳಿದರೆ ಯಾರಾದರೂ ಚೆನ್ನಾಗಿರಲಿಲ್ಲ ಅನ್ನುತ್ತಾರೆಯೇ? ಇನ್ನೊಂದು ತೊಡಕೂ ಉಂಟು. ಎರಡು ವಾರದ ಹಿಂದೆ, ವಾರ್ಡಿಗೆ ಬರುವ ಮುಂಚೆಯೂ, ಇವರು ಇದೇ ಕಾಗದ ತುಂಬಿದ್ದರು. ಆಗಲೇ ಎಲ್ಲರೂ ಮೇಲಿನ ಮನೆಗೆ ಗುರುತು ಹಾಕಿಬಿಟ್ಟಿದ್ದರೆ ಈಗ ಏರುವುದಕ್ಕೆ ಜಾಗವೇ ಇಲ್ಲ. ಫಿಸಿಯೋ ಹುಡುಗಿಯನ್ನೇ ನೋಡಿ. ಮೊದಲ ದಿನ 'ತಂಡದಲ್ಲಿ ಧೈರ್ಯವಾಗಿ ಮಾತಾಡುತ್ತೇನೆ' ಎನ್ನುವುದಕ್ಕೆ ಐದು ಅಂಕ ಕೊಟ್ಟುಕೊಂಡಿದ್ದಳು. ಇವತ್ತು ಪೆನ್ನು ಹಿಡಿದು ಯೋಚಿಸಿ ಮೂರು ಹಾಕಿದಳು. ಲೆಕ್ಕದ ಪ್ರಕಾರ ಅವಳು ಎರಡು ಮೆಟ್ಟಿಲು ಇಳಿದಳು. ನಿಜದಲ್ಲಿ ಆ ಆರು ಜನರಲ್ಲಿ ಅವಳಷ್ಟು ಕಲಿತವರು ಇಲ್ಲ. ಅದಕ್ಕೇ ಈಚಿನ ಕೆಲವು ಪ್ರಶ್ನಾವಳಿಗಳು 'ಆಗ ಹೇಗಿದ್ದೆ, ಈಗ ಹೇಗಿದ್ದೀಯ' ಎಂಬ ಎರಡನ್ನೂ ಕೊನೆಯಲ್ಲೇ ಕೇಳುತ್ತವೆ.

ಹಾಗಾದರೆ ತೂಗುವುದು ಹೇಗೆ? ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಉದ್ಯಮಗಳ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಸೂಚಿಸಿದ್ದರು. ಬ್ರಿಟನ್ನಿನ ಹ್ಯೂ ಬಾರ್ ಮತ್ತು ಸಂಗಡಿಗರು ಅದನ್ನು ಹಿಗ್ಗಿಸಿ ಕೂಡುಕಲಿಕೆಗೆಂದೇ ಆರು ಮಾಡಿದರು. ನಿಮ್ಮ ನೋಟ್ ಪುಸ್ತಕವನ್ನು ಆ ಮೆಟ್ಟಿಲುಗಳ ಮೇಲೆ ಹರಡಿ ನೋಡಿ. ಹುಡುಗನ ಗೊಣಗು ಮೊದಲನೆಯದು, ಅಂದರೆ ಕಲಿತವರಿಗೆ ಹೇಗೆನಿಸಿತು ಎನ್ನುವುದು. ಪ್ರಶ್ನಾವಳಿಯ ಅಂಕ ಎರಡನೆಯದು, ಮನೋಭಾವ. ಮಂಡಿ ನಡುವೆ ದಿಂಬಿಟ್ಟು ಹೊರಳಿಸಲು ಬಂದದ್ದು ಮೂರನೆಯದು, ತಿಳಿವು ಮತ್ತು ಕೈಚಳಕ. 'ನಿಂತಾಗ ಎಷ್ಟಿತ್ತು' ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳಿದ್ದು ನಾಲ್ಕನೆಯದು, ನಡವಳಿಕೆ. ಮುಂದೆ ಆ ವಾರ್ಡಿನಲ್ಲಿ ಪ್ರತಿ ಡಿಸ್ಚಾರ್ಜಿಗೂ ಮುಂಚೆ ನಿಲ್ಲಿಸಿ ಒತ್ತಡ ನೋಡುವುದು ರೂಢಿಯಾದರೆ ಅದು ಐದನೆಯದು, ಸಂಸ್ಥೆಯ ಬದಲಾವಣೆ. ಅಜ್ಜಿ ಮತ್ತೆ ಬೀಳದಿದ್ದರೆ ಆರನೆಯದು.

ಕಾಗದ ಹಂಚುವವರು ಮೊದಲ ಎರಡು ಮೆಟ್ಟಿಲಲ್ಲೇ ನಿಲ್ಲುತ್ತಾರೆ, ಯಾಕೆಂದರೆ ಅಲ್ಲಿ ಖರ್ಚು ಕಡಿಮೆ, ಫಲಿತಾಂಶ ಬೇಗ. ಮೇಲಿನದಕ್ಕೆ ವರ್ಷಗಳು ಬೇಕು, ಹೋಲಿಸಲು ಇನ್ನೊಂದು ವಾರ್ಡು ಬೇಕು. ಅಜ್ಜಿ ಬೀಳದೆ ಇದ್ದದ್ದು ಮಾತ್ರೆ ನಿಲ್ಲಿಸಿದ್ದರಿಂದಲೋ, ಬಚ್ಚಲಿನ ಹಿಡಿಕೆಯಿಂದಲೋ, ತಂಡದ ಕಲಿಕೆಯಿಂದಲೋ ಎಂದು ಬಿಡಿಸಿ ಹೇಳುವುದೂ ಕಷ್ಟ. ಇದರ ಪರಿಣಾಮ, ಆರೋಗ್ಯ ಕ್ಷೇತ್ರದ ಅಧ್ಯಯನಗಳನ್ನು ಕೂಡಿಸಿ ಜರಡಿ ಹಿಡಿಯುವ ಕಾಕ್ರೇನ್ ಪರಿಶೀಲನೆಗಳಲ್ಲಿ ಕಾಣುತ್ತದೆ. ಮೊದಲ ಸಲ ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಜಾಲಾಡಿದಾಗ ಅವರ ಕಟ್ಟುನಿಟ್ಟಿನ ಅಳತೆಗೆ ಒಂದೂ ನಿಲ್ಲಲಿಲ್ಲ. 2008ರಲ್ಲಿ 6 ಅಧ್ಯಯನಗಳು ನಿಂತವು, 2013ರಲ್ಲಿ 15. ಆ 15ರಲ್ಲಿ 7 ಒಳ್ಳೆಯ ಪರಿಣಾಮ ತೋರಿಸಿದವು, 4ರಲ್ಲಿ ಮಿಶ್ರ ಫಲ, ಉಳಿದ 4ರಲ್ಲಿ ಏನೂ ವ್ಯತ್ಯಾಸವಿಲ್ಲ. ಅವುಗಳಲ್ಲೂ ಹೆಚ್ಚಿನವು ಆಗಲೇ ಕೆಲಸದಲ್ಲಿದ್ದವರ ಮೇಲೆ ನಡೆದವು, ವಿದ್ಯಾರ್ಥಿಗಳ ಮೇಲಲ್ಲ.

ಗೊಣಗಿದ ಹುಡುಗನಿಗೂ ಒಂದು ಉತ್ತರ ಕೊಡಬೇಕು. ಮೈ ಒರೆಸುತ್ತ, ಬೇರೆಯವರ ಜತೆ ಚರ್ಚೆ ಮಾಡುತ್ತ ಕೂತರೆ ವೈದ್ಯಕೀಯದ ಓದು ಸೊರಗುತ್ತದೆಯೇ? ಲಿನ್‌ಶೋಪಿಂಗ್‌ನವರು ಇದನ್ನೂ ಪರೀಕ್ಷಿಸಿದರು. ಸ್ವೀಡನ್ನಿನ ಎಲ್ಲ ಯುವವೈದ್ಯರೂ ಆಗ ಬರೆಯಬೇಕಾಗಿದ್ದ ರಾಷ್ಟ್ರೀಯ ಪರೀಕ್ಷೆಯಲ್ಲಿ ತಮ್ಮವರನ್ನು ಬೇರೆ ಕಡೆಯವರ ಜತೆ ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಅವರ ವಿದ್ಯಾರ್ಥಿಗಳು ಹಿಂದೆ ಬಿದ್ದಿರಲಿಲ್ಲ.

ಈಗ ಅದೇ ಪುಸ್ತಕ ಹಿಡಿದು ನಮ್ಮ ನಾಡಿನ ಒಂದು ಬೋಧನಾ ಆಸ್ಪತ್ರೆಗೆ ಬನ್ನಿ. ಯಾವ ಊರಾದರೂ ಆದೀತು. ಮಹಿಳೆಯರ ಆರ್ಥೋ ವಾರ್ಡು, ಬೆಳಿಗ್ಗೆ ಒಂಬತ್ತೂವರೆ, ರೌಂಡ್ಸ್ ಸಮಯ. ಮುಂದೆ ಪ್ರೊಫೆಸರು, ಹಿಂದೆ ಪೀಜಿಗಳು, ಅವರ ಹಿಂದೆ ಹೌಸ್ ಸರ್ಜನ್ನರು, ಬಾಗಿಲ ಹತ್ತಿರ ಎಂಬಿಬಿಎಸ್ ಹುಡುಗರು. ನರ್ಸಿಂಗ್ ವಿದ್ಯಾರ್ಥಿನಿಯರು ಇನ್ನೊಂದು ತುದಿಯಲ್ಲಿ ಬೆಡ್‌ಶೀಟ್ ಸರಿಮಾಡುತ್ತಿದ್ದಾರೆ. ಫಿಸಿಯೋ ಮೇಡಂ ಬರುವುದು ಹನ್ನೊಂದಕ್ಕೆ. ಫಾರ್ಮಸಿಯವರು ಕೆಳಗೆ, ಕೌಂಟರಿನ ಜಾಲರಿಯಾಚೆ. ಮಂಚದ ಪಕ್ಕದಲ್ಲಿ ಫೈಲು, ಎಕ್ಸ್‌ರೇ ಕವರು, ಮಾತ್ರೆಯ ಚೀಟಿ ಎಲ್ಲವನ್ನೂ ಬಗಲಲ್ಲಿ ಅವಚಿಕೊಂಡು ಇಲ್ಲಿನ ಒಬ್ಬ ಅಜ್ಜಿಯ ಮಗಳು ನಿಂತಿದ್ದಾಳೆ.

"ಸಾರ್, ಅವ್ವಗೆ ಎದ್ದು ನಿಂತ್ರೆ ತಲೆ ತಿರುಗುತ್ತೆ."

"ಸಿಸ್ಟರಿಗೆ ಹೇಳಮ್ಮ, ಬಿಪಿ ನೋಡ್ತಾರೆ."

ಸಿಸ್ಟರ್ ಮಲಗಿಸಿಯೇ ನೋಡಿದರು, ಸರಿಯಾಗಿಯೇ ಇತ್ತು. ಹನ್ನೊಂದಕ್ಕೆ ಬಂದ ಫಿಸಿಯೋ ಮೇಡಂ ತಮ್ಮ ರಿಜಿಸ್ಟರಿನಲ್ಲಿ 'ನಿಲ್ಲಲು ಆಗಲಿಲ್ಲ' ಎಂದು ಬರೆದರು. ಆ ರಿಜಿಸ್ಟರು ಕೇಸ್ ಶೀಟಿಗೆ ಸೇರಿದ್ದಲ್ಲ. ಅವ್ವ ಯಾಕೆ ನೀರು ಕುಡಿಯುವುದಿಲ್ಲ ಎಂದು ಮಗಳಿಗೆ ಚೆನ್ನಾಗಿ ಗೊತ್ತು: ವಾರ್ಡಿನ ಆ ತುದಿಯ ಶೌಚಾಲಯದವರೆಗೆ ನಡೆಯುವುದು ಅವರಿಗೆ ಆಗದು. ಆದರೆ ಅವಳನ್ನು ಯಾರೂ ಕೇಳಿಲ್ಲ. ಇಲ್ಲಿ ಯಾರೂ ಸೋಮಾರಿಗಳಲ್ಲ. ಒಬ್ಬೊಬ್ಬರ ತಲೆಮೇಲೂ ನಲವತ್ತು ಮಂಚದ ಭಾರವಿದೆ. ನಾಲ್ಕು ವೃತ್ತಿಗಳ ನಡುವೆ ಸುದ್ದಿ ಸಾಗಿಸುವ ಕೆಲಸ ಮಾತ್ರ ಫೈಲು ಹಿಡಿದ ಈ ಹೆಣ್ಣುಮಗಳ ಪಾಲಿಗೆ ಬಿದ್ದಿದೆ.

ಲಿನ್‌ಶೋಪಿಂಗ್‌ನ ವಾರ್ಡು ಶುರುವಾದ 1996ರಲ್ಲೇ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆಯುರ್ವೇದ ಎಲ್ಲವೂ ಒಂದೇ ವಿಶ್ವವಿದ್ಯಾಲಯದ ಅಡಿಯಲ್ಲಿ ಬಂದವು. ಆದರೆ ಹೆಚ್ಚಿನವಕ್ಕೆ ದಿಲ್ಲಿಯಲ್ಲಿ ಬೇರೆ ಬೇರೆ ನಿಯಂತ್ರಕರು, ಒಂದೊಂದಕ್ಕೂ ಬೇರೆ ಪಠ್ಯಕ್ರಮ, ಬೇರೆ ಪರೀಕ್ಷೆ. 2019ರಲ್ಲಿ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮ ವೈದ್ಯರಿಗೆ ಐದು ಪಾತ್ರಗಳನ್ನು ಹೇಳುತ್ತದೆ. ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ ಎನ್ನುವುದು ಅದರಲ್ಲೊಂದು. ಫಿಸಿಯೋ, ಲ್ಯಾಬ್ ತಂತ್ರಜ್ಞರಂಥ ವೃತ್ತಿಗಳಿಗೂ 2021ರಲ್ಲಿ ರಾಷ್ಟ್ರೀಯ ಕಾಯಿದೆ ಬಂತು. ಮಣಿಪಾಲದ ಮಾಹೆ ವಿಶ್ವವಿದ್ಯಾಲಯ ಅಮೆರಿಕದ ಫೈಮರ್ ಸಂಸ್ಥೆಯ ಜತೆಗೂಡಿ ಕೂಡುಕಲಿಕೆಯನ್ನು ಮುನ್ನಡೆಸಬಲ್ಲ ಶಿಕ್ಷಕರನ್ನು ತಯಾರು ಮಾಡುವ ಕೋರ್ಸನ್ನೇ ನಡೆಸಿದೆ. ದಾರಿ ಇಲ್ಲವೆಂದಲ್ಲ.

ಇಂಥ ಪ್ರಯತ್ನಕ್ಕೆ ಕೈಹಾಕುವ ನಮ್ಮ ಕಾಲೇಜುಗಳಲ್ಲಿ ಒಂದು ಕೋರಿಕೆ. ದಯವಿಟ್ಟು ಒಂದು ದಿನದ ಕಾರ್ಯಾಗಾರ ಮಾಡಿ, ಗ್ರೂಪ್ ಫೋಟೋ ತೆಗೆಸಿ, ಪ್ರಶ್ನಾವಳಿ ತುಂಬಿಸಿ 'ಶೇಕಡಾ ಇಷ್ಟು ವಿದ್ಯಾರ್ಥಿಗಳು ಒಪ್ಪಿದರು' ಎಂದು ಬರೆದು ಮುಗಿಸಬೇಡಿ. ಒಂದೇ ವಾರ್ಡು ಆರಿಸಿಕೊಳ್ಳಿ, ಎಂಟೇ ಮಂಚ ಸಾಕು. ನಾಲ್ಕು ಕೋರ್ಸುಗಳ ವಿದ್ಯಾರ್ಥಿಗಳನ್ನು ಎರಡು ವಾರ ಅಲ್ಲಿ ಬಿಡಿ. ಮೂಲೆಯಲ್ಲಿ ಸ್ಟೂಲು ಹಾಕಿ ಒಬ್ಬರನ್ನು ಕೂರಿಸಿ. ಯಾರ ಮಾತಿನಿಂದ ಯೋಜನೆ ಬದಲಾಯಿತು, ಯಾರ ಮಾತು ನಡುವೆ ನಿಂತಿತು ಎಂದು ಅವರು ಬರೆಯಲಿ. ಆರು ತಿಂಗಳ ಮೇಲೆ ಕೇಸ್ ಶೀಟುಗಳನ್ನು ತೆಗೆದು, ನರ್ಸ್, ಫಿಸಿಯೋ, ಫಾರ್ಮಸಿಯವರ ಟಿಪ್ಪಣಿ ವೈದ್ಯರ ಆದೇಶದಲ್ಲಿ ಎಷ್ಟು ಕಡೆ ಕಾಣುತ್ತದೆ ಎಂದು ಎಣಿಸಿ. ಪಕ್ಕದ ವಾರ್ಡಿನ ಕೇಸ್ ಶೀಟುಗಳ ಜತೆ ಹೋಲಿಸಿ. ಫಲ ಸಿಗದಿದ್ದರೆ ಅದನ್ನೂ ಪ್ರಕಟಿಸಿ. ರೋಗಿಯ ಮಗಳು ಫೈಲು ಹಿಡಿದು ಓಡಾಡುವುದು ಎಷ್ಟು ಕಡಿಮೆಯಾಯಿತು ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮೌಲ್ಯಮಾಪನ, ಎಷ್ಟೇ ಚೆನ್ನಾಗಿ ಅಚ್ಚಾಗಿದ್ದರೂ, ಅರ್ಧ ಕೆಲಸ.